ಮೂರು ಆರೋಗ್ಯ ಪತ್ರಿಕೆ, 18 ವಾರ, ಒಂದೇ ಸೊಂಟ

ಡಿಸೆಂಬರ್ ಕೊನೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ 9.8. ತೂಕ 68 ಕೆಜಿ, ಎತ್ತರ 156 ಸೆಂಟಿಮೀಟರ್, ವಯಸ್ಸು 43. ಡಾಕ್ಟರು ಕಬ್ಬಿಣದ ಮಾತ್ರೆ ಬರೆದುಕೊಟ್ಟು, "ವ್ಯಾಯಾಮ ಮಾಡಿ, ಊಟದ ಕಡೆ ಗಮನ ಕೊಡಿ" ಅಂದರು. ಯಾವ ವ್ಯಾಯಾಮ, ಯಾವ ಊಟ ಅಂತ ಕೇಳುವಷ್ಟರಲ್ಲಿ ಮುಂದಿನ ಟೋಕನ್ ಕೂಗಿಯಾಗಿತ್ತು.

ನನಗೆ ಮೊದಲಿಂದಲೂ ಪತ್ರಿಕೆಗಳ ಹುಚ್ಚು. ಹೆಂಗಸರ ಆರೋಗ್ಯ, ಫಿಟ್‌ನೆಸ್ ಅಂತ ಮುಖಪುಟದಲ್ಲಿ ಕಂಡರೆ ಸಾಕು, ಬಸ್ ಸ್ಟ್ಯಾಂಡಲ್ಲಿ ನಿಂತುಕೊಂಡೇ ತಿರುವಿ ಹಾಕುತ್ತೇನೆ. ಆದರೆ ಅದರಲ್ಲಿ ಬರೆದದ್ದನ್ನು ಒಂದು ದಿನವಾದರೂ ಮಾಡಿದ್ದೀನಾ ಅಂದರೆ ಇಲ್ಲ. ಓದಿದರೇನೇ ಅರ್ಧ ಆರೋಗ್ಯ ಬಂದ ಹಾಗೆ ಅನ್ನಿಸುತ್ತೆ ನೋಡಿ, ಅದೇ ಈ ಪತ್ರಿಕೆಗಳ ಮೋಡಿ. ಈ ಸಲ ಹಾಗಾಗಬಾರದು ಅಂತ ಮೂರನ್ನು ಆರಿಸಿಕೊಂಡೆ. ಒಂದೊಂದಕ್ಕೆ ಆರು ವಾರ. ಹೇಳಿದ್ದನ್ನು ಹೇಳಿದ ಹಾಗೆ ಮಾಡಬೇಕು, ಮಾತ್ರೆ ಮಾತ್ರ ನಿಲ್ಲಿಸಬಾರದು. ಅಷ್ಟೇ ನಿಯಮ.

ಪತ್ರಿಕೆಗಳ ಹೆಸರು ಹೇಳಲ್ಲ. ಸುಮ್ನೆ ಜಗಳ ಯಾಕೆ? ಮೊದಲನೆಯದು ಅಮೆರಿಕದ ಹೊಳಪು ಕಾಗದದ ಮಾಸಿಕ, ನಾನು ಫೋನಿನ ಆ್ಯಪ್‌ನಲ್ಲಿ ಚಂದಾ ಕಟ್ಟಿ ಓದಿದ್ದು. ಎರಡನೆಯದು ಅಲ್ಲಿಯದೇ ಚಿಕ್ಕ ಸೈಜಿನದು, ಸ್ವಲ್ಪ ವಯಸ್ಸಾದವರಿಗೆ. ನ್ಯೂಜೆರ್ಸಿಯಲ್ಲಿರುವ ನಾದಿನಿ ಹೋದ ಸಲ ಬರುವಾಗ ಹನ್ನೆರಡು ಹಳೇ ಸಂಚಿಕೆ ಸೂಟ್‌ಕೇಸಿನಲ್ಲಿ ತುಂಬಿಕೊಂಡು ಬಂದಿದ್ದಳು. ಮೂರನೆಯದು ಕನ್ನಡದ ಮಹಿಳಾ ಮಾಸಿಕ. ಇದು ಪೂರ್ತಿ ಆರೋಗ್ಯ ಪತ್ರಿಕೆ ಅಲ್ಲ, ಕಥೆ, ಧಾರಾವಾಹಿ, ರಂಗೋಲಿ, ಅಡುಗೆ ಎಲ್ಲ ಇದೆ. ಬರೀ ಹೆಂಗಸರ ಫಿಟ್‌ನೆಸ್‌ಗೆ ಅಂತ ಕನ್ನಡದಲ್ಲಿ ಯಾವುದಾದರೂ ಬರುತ್ತಾ ಅಂತ ನಮ್ಮ ಮೈಸೂರಿನ ಕುವೆಂಪುನಗರದ ಪೇಪರ್ ಅಂಗಡಿಯವರನ್ನು ಕೇಳಿದೆ. ಅವರು ಒಂದು ನಿಮಿಷ ಯೋಚಿಸಿ ಜ್ಯೋತಿಷ್ಯದ ಮಾಸಿಕ ಕೈಗಿಟ್ಟರು.

ಮೊದಲು ಹೊಳಪಿನದು. ಒಳ್ಳೆಯದನ್ನೇ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಅದು ನಿಜವಾಗಿಯೂ ಒಳ್ಳೆಯದು: ವ್ಯಾಯಾಮ ಹೇಳಿಕೊಡುವುದರಲ್ಲಿ ಇದನ್ನು ಮೀರಿಸಿದ್ದು ಇಲ್ಲ. ಒಂದು ಸ್ಕ್ವಾಟ್‌ಗೆ, ಅಂದರೆ ಮಂಡಿ ಮಡಚಿ ಕೂತು ಏಳುವ ವ್ಯಾಯಾಮಕ್ಕೆ, ಮೂರು ಫೋಟೋ. ಮಂಡಿ ಎಲ್ಲಿರಬೇಕು, ಭಾರ ಹಿಮ್ಮಡಿಯ ಮೇಲೋ ಬೆರಳ ಮೇಲೋ, ಉಸಿರು ಯಾವಾಗ ಬಿಡಬೇಕು, ತಪ್ಪಾದರೆ ಹೇಗೆ ಕಾಣುತ್ತೆ, ಎಲ್ಲಕ್ಕೂ ಬಾಣದ ಗುರುತು. 43 ವರ್ಷದಲ್ಲಿ ಯಾರೂ ನನಗೆ ಬಗ್ಗುವುದು ಹೇಗೆ ಅಂತ ಹೇಳಿಕೊಟ್ಟಿರಲಿಲ್ಲ. ಸ್ಕೂಲಿನಲ್ಲಿ ಪಿಟಿ ಪೀರಿಯಡ್ ಅಂದರೆ ಹುಡುಗರಿಗೆ ಕಬಡ್ಡಿ, ನಮಗೆ ಮರದ ಕೆಳಗೆ ಹರಟೆ. ಡಂಬಲ್ 10 ಪೌಂಡ್ ಅಂತ ಬರೆದಿದ್ದರು. ಪೌಂಡಿಗೆ ಹೆದರಬೇಡಿ, ಅದು ನಾಲ್ಕೂವರೆ ಕೆಜಿ. ಐದು ಕೆಜಿಯ ಅಕ್ಕಿ ಚೀಲ ಇತ್ತು, ಅದನ್ನೇ ತಬ್ಬಿಕೊಂಡು ಕುರ್ಚಿಗೆ ಕೂತು ಎದ್ದೆ. ಎರಡನೇ ವಾರಕ್ಕೆ ಮೆಟ್ಟಿಲು ಹತ್ತುವಾಗ ಕೈಕಂಬಿ ಹಿಡಿಯುವುದು ಮರೆತುಹೋಗಿತ್ತು.

ತೊಂದರೆ ಶುರುವಾಗಿದ್ದು ಮೂರನೇ ವಾರ. ಯೋಜನೆ ಪ್ರಕಾರ ಜಂಪ್ ಸ್ಕ್ವಾಟ್, ಬರ್ಪಿ ಅಂತ ನೆಗೆಯುವ ವ್ಯಾಯಾಮ ಬಂತು. ನಾವಿರೋದು ಮೊದಲ ಮಹಡಿ, ಮೊಸಾಯಿಕ್ ನೆಲ. ನಾಲ್ಕನೇ ದಿನ ಕೆಳಗಿನ ಮನೆ ಓನರ್ ಆಂಟಿ ಮೇಲೆ ಬಂದು, "ಏನಮ್ಮಾ, ಬೆಳಗ್ಗೆ ಬೆಳಗ್ಗೆ ಖಾರದಪುಡಿ ಕುಟ್ತಿದ್ದೀಯಾ?" ಅಂದರು. ಅದಕ್ಕಿಂತ ಮುಂಚೆಯೇ ಬಲ ಮಂಡಿ ದೂರು ಕೊಟ್ಟಾಗಿತ್ತು. ಪತ್ರಿಕೆ ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತದೆ ಅಂತ ಆಗ ಗೊತ್ತಾಯಿತು. ಇಪ್ಪತ್ತೆಂಟು ವರ್ಷದ, ರಕ್ತ ಸರಿಯಾಗಿರುವ, ಜಿಮ್ಮಿಗೆ ಹೋಗುವ ಹುಡುಗಿಯನ್ನು. ಫೋಟೋದಲ್ಲಿರುವವಳಿಗೆ ಬೆವರು ಕೂಡ ಅಳತೆಯಲ್ಲಿ ಬರುತ್ತೆ.

ಊಟದ ಪುಟಗಳ ಕಥೆ ಬೇರೆಯೇ. ಕೇಲ್ ಸೊಪ್ಪು, ಕಿನೋವಾ, ಸಾಲ್ಮನ್. ನಾವು ಮೀನು ತಿನ್ನಲ್ಲ. ಕೇಲ್ ಹುಡುಕಿಕೊಂಡು ಸೂಪರ್ ಮಾರ್ಕೆಟ್ಟಿಗೆ ಹೋಗಿ, ಬೆಲೆ ನೋಡಿ, ದೇವರಾಜ ಮಾರ್ಕೆಟ್ಟಿಗೆ ಬಂದು ದಂಟು, ಕೀರೆ, ಮೆಂತ್ಯ ಮೂರೂ ತಗೊಂಡೆ, ಆದರೂ ದುಡ್ಡು ಉಳಿಯಿತು. ಆದರೆ ನಗು ಬಂದದ್ದು ಎರಡು ಕಡೆ. ಅವರು ಅವೊಕಾಡೊ ಅಂತ ಪುಟಗಟ್ಟಲೆ ಹೊಗಳುವುದು ನಮ್ಮ ಬೆಣ್ಣೆ ಹಣ್ಣನ್ನು. ಕೊಡಗಿನ ಕಾಫಿ ತೋಟಗಳಿಂದ ಬರುತ್ತೆ, ಜ್ಯೂಸ್ ಅಂಗಡಿಯಲ್ಲಿ ಸಕ್ಕರೆ, ಹಾಲು ಹಾಕಿ ಎಷ್ಟೋ ವರ್ಷದಿಂದ ಕುಡಿದಿದ್ದೀವಿ. ಇನ್ನು ಚಿಯಾ ಬೀಜವನ್ನು ಮೆಕ್ಸಿಕೋದ ಪವಾಡ ಅಂತ ಬರೆದಿದ್ದರು. ಅದರ ಮೂಲ ಅಲ್ಲಿಯದೇ ಸರಿ, ಆದರೆ ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರು ಅದನ್ನು ಇಲ್ಲಿನ ರೈತರಿಗೆ ಪರಿಚಯ ಮಾಡಿಸಿದರು, ಎಚ್.ಡಿ. ಕೋಟೆ ಕಡೆ ಬೆಳೆಯುತ್ತಾರೆ. ಅತ್ತೆಗೆ ತೋರಿಸಿದೆ. "ಕಾಮಕಸ್ತೂರಿ ಬೀಜಕ್ಕೆ ಇಷ್ಟು ಸಡಗರಾನಾ?" ಅಂದರು. ಅದು ಬೇರೆ ಇದು ಬೇರೆ ಅಂತ ಹೇಳಿದರೂ ಒಪ್ಪಲಿಲ್ಲ.

ನಗುವ ವಿಷಯ ಅಲ್ಲದ್ದೂ ಇದೆ. ಒಂದು ಸಂಚಿಕೆಯಲ್ಲಿ ಹೆಂಗಸರಿಗೆ ದಿನಕ್ಕೆ 18 ಮಿಲಿಗ್ರಾಂ ಕಬ್ಬಿಣ ಬೇಕು ಅಂತ ಚೌಕದೊಳಗೆ ದೊಡ್ಡದಾಗಿ ಹಾಕಿದ್ದರು. ಅಮೆರಿಕದವರಿಗೆ ಅದು ಸರಿಯಾದ ಲೆಕ್ಕವೇ. ನಮ್ಮಲ್ಲಿ ಐಸಿಎಂಆರ್ ಅನ್ನುವ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದ ಅಳತೆ 29 ಮಿಲಿಗ್ರಾಂ. ನಾವು ತಿನ್ನುವ ಕಾಳು, ಧಾನ್ಯದಲ್ಲಿ ಕಬ್ಬಿಣ ಇದ್ದರೂ ಅದರಲ್ಲಿರುವ ಫೈಟೇಟ್ ಅನ್ನುವ ಅಂಶ ಅದನ್ನು ಮೈಗೆ ಹತ್ತಗೊಡಲ್ಲ, ಅದಕ್ಕೇ ಜಾಸ್ತಿ ಬೇಕು. ತೂಕದ ಪಟ್ಟಿಯೂ ಹಾಗೆಯೇ. ನನ್ನ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಸುಮಾರು 28. ಅವರ ಪಟ್ಟಿಯಲ್ಲಿ ನಾನು "ಸ್ವಲ್ಪ ಜಾಸ್ತಿ ತೂಕ"ದವಳು. ಭಾರತೀಯರಿಗೆ ಅಂತ ಇಲ್ಲಿನ ವೈದ್ಯರು ಮಾಡಿಕೊಂಡ ಪಟ್ಟಿಯಲ್ಲಿ 23 ದಾಟಿದರೆ ಜಾಸ್ತಿ ತೂಕ, 25 ದಾಟಿದರೆ ಬೊಜ್ಜು. ಅಂದರೆ ಪತ್ರಿಕೆ ನನ್ನನ್ನು ಮುದ್ದು ಮಾಡುತ್ತಿತ್ತು!

ಈ ಜಾತಿಯ ಪತ್ರಿಕೆಗಳಿಗೆ ತಮ್ಮ ತಪ್ಪು ಗೊತ್ತಿಲ್ಲ ಅಂತಲ್ಲ. ವಿಮೆನ್ಸ್ ಹೆಲ್ತ್ ಪತ್ರಿಕೆ 2016ರ ಹೊಸ ವರ್ಷದ ಸಂಚಿಕೆಯಲ್ಲಿ, "ಬಿಕಿನಿ ಬಾಡಿ", "ಎರಡು ಸೈಜ್ ಇಳಿಸಿ" ಅನ್ನುವ ಮಾತುಗಳನ್ನು ಇನ್ನು ಮುಖಪುಟದಲ್ಲಿ ಹಾಕುವುದಿಲ್ಲ ಅಂತ ಓದುಗರಿಗೆ ಹೇಳಿತು. ಸೆಲ್ಫ್ ಅನ್ನುವ ಇನ್ನೊಂದು ಪತ್ರಿಕೆ 2009ರಲ್ಲಿ ಗಾಯಕಿ ಕೆಲ್ಲಿ ಕ್ಲಾರ್ಕ್‌ಸನ್ ಅವರ ಫೋಟೋವನ್ನು ತೆಳ್ಳಗೆ ತಿದ್ದಿ ಮುಖಪುಟಕ್ಕೆ ಹಾಕಿತ್ತು. ಜನ ಬೈದರೆ ಸಂಪಾದಕಿ ಅದನ್ನು ಸಮರ್ಥಿಸಿಕೊಂಡರು. ಆ ಪತ್ರಿಕೆಯ ಮುದ್ರಣ 2017ರಲ್ಲಿ ನಿಂತುಹೋಯಿತು, ಆಮೇಲೆ ಆನ್‌ಲೈನ್ ಮಾತ್ರ. ನಮ್ಮ ಹುಡುಗಿಯರು ಈಗ ರೀಲ್ಸ್ ನೋಡಿ ಹೊಟ್ಟೆ ಕರಗಿಸುತ್ತಾರೆ, ಅಲ್ಲಿ ಬೈದರೆ ಕೇಳುವ ಸಂಪಾದಕಿ ಕೂಡ ಇಲ್ಲ. ಅದನ್ನು ಇನ್ನೊಂದು ದಿನ ಬರೆಯುತ್ತೇನೆ.

ಎರಡನೆಯದರ ಬಗ್ಗೆ ಜಾಸ್ತಿ ಹೇಳೋದಿಲ್ಲ. ಮಂಡಿಗೆ ಒಳ್ಳೆಯದು. ನಡಿಗೆ, ಗೋಡೆಗೆ ಕೈಯೂರಿ ಪುಶ್‌ಅಪ್, ಕುರ್ಚಿ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದು. ಕುಕ್ಕರಹಳ್ಳಿ ಕೆರೆ ಸುತ್ತ ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಾರದ 150 ನಿಮಿಷ ಅಲ್ಲಿಗೆ ಆಯಿತು. ಅತ್ತೆಯೂ ಜೊತೆಗೆ ಬಂದರು, ಅವರಿಗೆ ನನಗಿಂತ ಜಾಸ್ತಿ ಉಪಯೋಗವಾಯಿತು. ಮುಟ್ಟು ನಿಲ್ಲುವ ಹೊತ್ತಿನ ನಿದ್ದೆ, ಬೆವರು, ಮೂಳೆ ಸವೆತ, ಇವೆಲ್ಲ ಮುಜುಗರ ಇಲ್ಲದೆ ಬರೆದಿದ್ದಾರೆ. ಆದರೆ ಎರಡು ಪುಟಕ್ಕೊಂದು ಮಾತ್ರೆ ಜಾಹೀರಾತು, ನಡುವೆ "ಇದೊಂದು ತಿಂದರೆ ಸಾಕು" ಅನ್ನುವ ಲೇಖನ. ಹನ್ನೆರಡು ಸಂಚಿಕೆಯಲ್ಲಿ ಅರಿಶಿನ ನಾಲ್ಕು ಸಲ ಹೊಸದಾಗಿ ಪತ್ತೆಯಾಯಿತು. ಈ ಥರದ ಪತ್ರಿಕೆಗಳ ಹಿರಿಯಜ್ಜಿ ಅಂದರೆ ಪ್ರಿವೆನ್ಷನ್. 1950ರಲ್ಲಿ ಜೆ.ಐ. ರೋಡೇಲ್ ಶುರು ಮಾಡಿದ್ದು. ನೂರು ವರ್ಷ ಬದುಕುತ್ತೇನೆ ಅಂತ ಹೇಳಿಕೊಂಡಿದ್ದ ಆ ಮನುಷ್ಯ 1971ರಲ್ಲಿ ಒಂದು ಟಿವಿ ಕಾರ್ಯಕ್ರಮದ ಚಿತ್ರೀಕರಣ ನಡೆಯುತ್ತಿರುವಾಗಲೇ ತೀರಿಕೊಂಡರು. ಆಗ ಅವರಿಗೆ 72. ಪಾಪ, ಅದರಲ್ಲಿ ತಪ್ಪೇನಿಲ್ಲ. ಆದರೂ "ಹೀಗೆ ತಿಂದರೆ ಇಷ್ಟು ವರ್ಷ" ಅಂತ ಯಾರಾದರೂ ಬರೆದದ್ದು ಓದುವಾಗ ನನಗೆ ಅವರು ನೆನಪಾಗುತ್ತಾರೆ.

ಇನ್ನು ನಮ್ಮ ಕನ್ನಡದ್ದು. ಇದರ ಮೇಲೆ ನನಗೆ ಕೋಪವೂ ಜಾಸ್ತಿ, ಋಣವೂ ಜಾಸ್ತಿ.

ಕೋಪ ಯಾಕೆ ಅಂದರೆ, ವ್ಯಾಯಾಮದ ಪುಟ ಅನ್ನುವುದು ಬರೀ ನೆಪಕ್ಕೆ. ತುಟಿಗೆ ಲಿಪ್‌ಸ್ಟಿಕ್ ಹಾಕಿದ ಹುಡುಗಿ ಚಾಪೆ ಮೇಲೆ ಕೂತಿರುವ ಒಂದು ಫೋಟೋ, ಪಕ್ಕದಲ್ಲಿ ಎಂಟು ಆಸನಗಳ ಹೆಸರು. ಹೇಗೆ ಮಾಡಬೇಕು? ದೇವರೇ ಬಲ್ಲ. ಇನ್ನೊಂದು ಸಂಚಿಕೆಯಲ್ಲಿ, ಮನೆಗೆಲಸವೇ ಗೃಹಿಣಿಯ ಜಿಮ್, ನೆಲ ಒರೆಸಿದರೆ ಸೊಂಟ ಕರಗುತ್ತೆ ಅಂತ ಬರೆದಿದ್ದರು. ನೆಲ ಒರೆಸುವುದೂ ಮೈಗೆ ಕೆಲಸವೇ, ಒಪ್ಪಿದೆ. ಆದರೆ ನಾನು ಇಪ್ಪತ್ತು ವರ್ಷದಿಂದ ಒರೆಸುತ್ತಿದ್ದೀನಿ, ನೆಲ ಸವೆದಿದೆ, ಸೊಂಟ ಹಾಗೇ ಇದೆ. ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಭಾರ ಕೊಡಬೇಕು ಅನ್ನುವ ಮಾತು ಆರು ವಾರದಲ್ಲಿ ಒಂದು ಸಲವೂ ಬರಲಿಲ್ಲ. ಮತ್ತೆ ತೂಕ ಇಳಿಸುವ ಹತ್ತು ಸೂತ್ರ ಮುಗಿದ ಮುಂದಿನ ಪುಟದಲ್ಲೇ "ಮಳೆಗಾಲಕ್ಕೆ ಬಿಸಿಬಿಸಿ ಬೋಂಡಾ". ಅಂಬೊಡೆ ಕೂಡ ಇತ್ತು. ಮಾಡಿದೆ, ಸುಳ್ಳು ಹೇಳಲ್ಲ, ಚೆನ್ನಾಗಿತ್ತು.

ಜಾಹೀರಾತು ನೋಡಿದರೆ ಮೈ ಉರಿಯುತ್ತೆ. ಬೊಜ್ಜು ಕರಗಿಸುವ ಎಣ್ಣೆ, ಎತ್ತರ ಮಾಡುವ ಪುಡಿ, ಎದೆ ತುಂಬಿಸುವ ಕ್ರೀಮು. ನಮ್ಮ ದೇಶದಲ್ಲಿ 1954ರಲ್ಲೇ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ಬಂದಿದೆ. ಇಂಥಿಂಥ ತೊಂದರೆಗೆ ಮದ್ದು ಅಂತ ಜಾಹೀರಾತು ಕೊಡಬಾರದು ಅನ್ನುವ ಅದರ ಪಟ್ಟಿಯಲ್ಲಿ ಬೊಜ್ಜು, ಮನುಷ್ಯರ ಎತ್ತರ, ಸ್ತನದ ಆಕಾರ ಮೂರೂ ಇವೆ. ಕಾಯ್ದೆಗೆ 70 ವರ್ಷ ದಾಟಿತು, ಕ್ರೀಮು ಇನ್ನೂ ಕೊನೇ ಪುಟದಲ್ಲಿದೆ. ಜಾಹೀರಾತು ಬರೀ ತನ್ನ ಪುಟದಲ್ಲಿ ಕೂತಿರುತ್ತೆ ಅಂತಲೂ ಅಂದುಕೊಳ್ಳಬೇಡಿ. ಸಿಗರೇಟ್ ಜಾಹೀರಾತು ತೆಗೆದುಕೊಳ್ಳುವ ಅಮೆರಿಕದ ಪತ್ರಿಕೆಗಳು ಸಿಗರೇಟಿನ ಅಪಾಯದ ಬಗ್ಗೆ ಕಮ್ಮಿ ಬರೆಯುತ್ತವೆ, ಅದರಲ್ಲೂ ಹೆಂಗಸರ ಪತ್ರಿಕೆಗಳಲ್ಲಿ ಇದು ಜಾಸ್ತಿ ಅಂತ 1992ರಲ್ಲೇ ಅಲ್ಲಿನ ವೈದ್ಯಕೀಯ ಪತ್ರಿಕೆ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದಿತ್ತು.

ಋಣದ ವಿಷಯ. ಈ ಮಾಸಿಕದಲ್ಲಿ ಲೇಡಿ ಡಾಕ್ಟರ್ ಉತ್ತರಿಸುವ ಎರಡು ಪುಟ ಇದೆ. ಬಿಳಿಸೆರಗು, ತಿಂಗಳಲ್ಲಿ ಹತ್ತು ದಿನ ಹೋಗುವ ಮುಟ್ಟು, ಗರ್ಭಕೋಶ ತೆಗೆಸಿಬಿಡಿ ಅಂದರೆ ತೆಗೆಸಬೇಕಾ, ಗಂಡನಿಗೆ ಹೇಗೆ ಹೇಳಲಿ... ಮನೆಯಲ್ಲಿ ಯಾರ ಹತ್ತಿರವೂ ಕೇಳಲಾಗದ್ದನ್ನು ಹೆಸರು ಹಾಕದೆ ಬರೆದು ಕಳಿಸಿರುತ್ತಾರೆ. ಹೊಳಪು ಪತ್ರಿಕೆಯಲ್ಲಿ ಇಂಥ ಪ್ರಶ್ನೆಗೆ ತಮಾಷೆಯ ತಲೆಬರಹ ಇರುತ್ತೆ. ಇಲ್ಲಿ ಡಾಕ್ಟರು ಮಗಳಿಗೆ ಹೇಳುವ ಹಾಗೆ ಹೇಳುತ್ತಾರೆ. ಒಬ್ಬರು ಕೇಳಿದ್ದರು: ಆರು ತಿಂಗಳಿಂದ ಕಬ್ಬಿಣದ ಮಾತ್ರೆ ತಿಂದರೂ ರಕ್ತ ಏರುತ್ತಿಲ್ಲ, ಯಾಕೆ? ಉತ್ತರದಲ್ಲಿ ಮೊದಲ ಸಾಲೇ, ಮಾತ್ರೆಯನ್ನು ಕಾಫಿ, ಟೀ ಜೊತೆ ನುಂಗುತ್ತಿದ್ದೀರಾ? ಒಂದೆರಡು ಗಂಟೆ ಅಂತರ ಬಿಡಿ, ನಿಂಬೆಹಣ್ಣಿನ ನೀರಿನ ಜೊತೆ ತಗೊಳ್ಳಿ, ಮುಟ್ಟು ಜಾಸ್ತಿ ಹೋಗುತ್ತಿದ್ದರೆ ಸ್ಕ್ಯಾನ್ ಮಾಡಿಸಿ ಅಂತ.

ನಾನು ಲೋಟ ಕೆಳಗಿಟ್ಟೆ. ಹನ್ನೆರಡು ವಾರದಿಂದ ದಿನಾ ಬೆಳಗ್ಗೆ ಫಿಲ್ಟರ್ ಕಾಫಿಯಲ್ಲೇ ಮಾತ್ರೆ ನುಂಗಿದ್ದೆ. ಎರಡು ಅಮೆರಿಕದ ಪತ್ರಿಕೆ, ರಾಶಿ ಸೊಪ್ಪು, ಒಂದು ಮಂಡಿ ನೋವು ಎಲ್ಲ ಆದಮೇಲೆ ಈ ಮಾತು ಸಿಕ್ಕಿದ್ದು ಬೋಂಡಾ ಪುಟದ ಹಿಂದೆ. ಎನ್‌ಎಫ್‌ಎಚ್‌ಎಸ್ ಅಂದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ದೇಶದಲ್ಲಿ ನೂರಕ್ಕೆ 57 ಜನಕ್ಕೆ, ಕರ್ನಾಟಕದಲ್ಲಿ ಹೆಚ್ಚುಕಮ್ಮಿ 48 ಜನಕ್ಕೆ ರಕ್ತ ಕಮ್ಮಿ. ಅವರಲ್ಲಿ ಎಷ್ಟು ಜನ ನನ್ನ ಹಾಗೆ ಕಾಫಿಯಲ್ಲಿ ನುಂಗುತ್ತಿದ್ದಾರೋ!

ಮೇ ತಿಂಗಳಲ್ಲಿ ಮತ್ತೆ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ 11.4. ಗರ್ಭಿಣಿ ಅಲ್ಲದ ಹೆಂಗಸರಿಗೆ 12 ಇರಬೇಕು, ಇನ್ನೂ ಸ್ವಲ್ಪ ಬಾಕಿ. ಅದು ಮಾತ್ರೆಯ ಕೆಲಸ, ಪತ್ರಿಕೆಯದಲ್ಲ. ಅಂತರ ಬಿಟ್ಟದ್ದು ಮಾತ್ರ ಪತ್ರಿಕೆಯದು. ತೂಕ 65. ಮುಖಪುಟದ ಲೆಕ್ಕದಲ್ಲಿ ಈ ಹೊತ್ತಿಗೆ ನಾನು ಮಾಯವೇ ಆಗಬೇಕಿತ್ತು.

ನೀವು ಒಂದೇ ಕೊಳ್ಳುವುದಾದರೆ ಯಾವುದು ಅಂತ ಕೇಳಿದರೆ: ವ್ಯಾಯಾಮ ಗೊತ್ತಿಲ್ಲದವರು ಹೊಳಪಿನದನ್ನು ಒಂದೇ ಒಂದು ತಿಂಗಳು ತಗೊಳ್ಳಿ, ನೆಗೆಯುವ ಪುಟ ಬಿಟ್ಟು ಉಳಿದದ್ದು ಕಲಿಯಿರಿ, ಚಂದಾ ತಾನಾಗಿ ಮುಂದುವರಿಯದ ಹಾಗೆ ಅವತ್ತೇ ರದ್ದು ಮಾಡಿ. ನಾನು ಮರೆತು ಮೂರು ತಿಂಗಳ ದುಡ್ಡು ಕಳಕೊಂಡೆ. ಚಿಕ್ಕ ಸೈಜಿನದು ಯಾರಾದರೂ ಪುಕ್ಕಟೆ ಕೊಟ್ಟರೆ ಮಾತ್ರ. ಕನ್ನಡದ್ದು ಡಾಕ್ಟರ್ ಪುಟಕ್ಕೋಸ್ಕರ. ಅದೂ ಬೇಡ ಅಂದರೆ ದಿನಪತ್ರಿಕೆ ಪುರವಣಿಯಲ್ಲೂ, ಸುಧಾ, ತರಂಗದಂಥ ವಾರಪತ್ರಿಕೆಯಲ್ಲೂ ಆರೋಗ್ಯದ ಬರಹ ಬರುತ್ತಿರುತ್ತವೆ, ಓದಿ.

ನಾನು ಸ್ಕ್ವಾಟ್ ಪುಟದ ಪ್ರಿಂಟ್ ತೆಗೆಸಿ ಗ್ಯಾಸ್ ಸಿಲಿಂಡರ್ ಪಕ್ಕದ ಗೋಡೆಗೆ ಅಂಟಿಸಿದ್ದೀನಿ, ಅನ್ನ ಆಗುವಷ್ಟರಲ್ಲಿ ಹದಿನೈದು ಸಲ ಆಗುತ್ತೆ. ಜೂನ್ ಸಂಚಿಕೆ ನಿನ್ನೆ ಬಂತು. ಮುಖಪುಟದಲ್ಲಿ ಹಲಸಿನ ಹಣ್ಣಿನ ಕಡುಬು, "15 ದಿನದಲ್ಲಿ ಸಪಾಟು ಹೊಟ್ಟೆ" ಎರಡೂ ಅಕ್ಕಪಕ್ಕ. ಡಾಕ್ಟರ್ ಪುಟ ಓದಿ ಅತ್ತೆಗೆ ಕೊಟ್ಟೆ. ಅವರು ಧಾರಾವಾಹಿ ಮುಗಿಸಿ, ಕಡುಬಿನ ಪುಟ ಮಡಚಿ ನನ್ನ ಕಡೆ ತಳ್ಳಿದರು.