ಕ್ವೀನ್ಸ್‌ನ ಉಚಿತ ಇಮಿಗ್ರೇಷನ್ ನೆರವು ಕೇಂದ್ರ: ಕಾಯಿಸುತ್ತಾರೆ, ಆದರೆ ಕೆಲಸ ಗಟ್ಟಿ

ಅಮೆರಿಕದಲ್ಲಿ ಸ್ಟೇಟಸ್ (ಕಾನೂನುಬದ್ಧವಾಗಿ ಇರುವ ಅನುಮತಿ) ಇಲ್ಲದ ಮಕ್ಕಳಿಗೆ ವಕೀಲರನ್ನು ಹುಡುಕುತ್ತಿರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿರುವ ಒಂದು ಸೇವಾಸಂಸ್ಥೆ, ಫೀಸ್ ತೆಗೆದುಕೊಳ್ಳುವುದಿಲ್ಲ. ನಮ್ಮ ಪರಿಚಯದ ಹುಡುಗನೊಬ್ಬನ ಕೇಸ್ ಅಲ್ಲಿ ನಡೆಯುತ್ತಿದೆ. ಅವನಿಗೀಗ 19. ಚಿಕ್ಕವನಿದ್ದಾಗ ವಿಸಿಟರ್ ವೀಸಾದಲ್ಲಿ ಕರೆದುಕೊಂಡು ಬಂದ ಅಪ್ಪ, ಅವನನ್ನು ದೊಡ್ಡಮ್ಮನ ಮನೆಯಲ್ಲಿ ಬಿಟ್ಟು ಹೋದವರು ಮತ್ತೆ ತಿರುಗಿ ನೋಡಲಿಲ್ಲ.

ಮೊದಲು ಇವರು ಹೋಗಿದ್ದು ಒಬ್ಬ ಕನ್ಸಲ್ಟೆಂಟ್ ಹತ್ತಿರ. ಆತ ಹುಡುಗನ ಕಥೆಯನ್ನೇ ಕೇಳದೆ, ಅಸೈಲಂ (ಸ್ವದೇಶದಲ್ಲಿ ಕಿರುಕುಳದ ಭಯ ಇರುವವರು ಕೇಳುವ ಆಶ್ರಯ) ಹಾಕೋಣ, ವರ್ಕ್ ಪರ್ಮಿಟ್ ಬರತ್ತೆ ಅಂದನಂತೆ. ಅಸೈಲಂ ಸಿಗದಿದ್ದರೆ ಸ್ಟೇಟಸ್ ಇಲ್ಲದವರ ಕೇಸ್ ಸೀದಾ ಗಡೀಪಾರು ವಿಚಾರಣೆ ನಡೆಸುವ ಇಮಿಗ್ರೇಷನ್ ಕೋರ್ಟಿಗೆ ಹೋಗುತ್ತದೆ, ಆ ಕೋರ್ಟಿನಲ್ಲಿ ಸರ್ಕಾರ ವಕೀಲರನ್ನು ಕೊಡುವುದಿಲ್ಲ. ಇದನ್ನು ಹೇಳಲೇ ಇಲ್ಲ. ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ. ಕನ್ಸಲ್ಟೆಂಟ್, ನೋಟರಿ ಅಂತ ಬೋರ್ಡ್ ಇದ್ದ ಮಾತ್ರಕ್ಕೆ ಅಮೆರಿಕದಲ್ಲಿ ವಕೀಲರಾಗಲ್ಲ. ವಕೀಲರು, ಇಲ್ಲವೇ ನ್ಯಾಯ ಇಲಾಖೆಯ ಮಾನ್ಯತೆ ಪಡೆದ ಪ್ರತಿನಿಧಿಗಳು, ಇವರ ಹತ್ತಿರ ಮಾತ್ರ ಹೋಗಿ. ಆ ಪ್ರತಿನಿಧಿಗಳ ಪಟ್ಟಿ ಇಲಾಖೆಯ ವೆಬ್‌ಸೈಟಿನಲ್ಲೇ ಇದೆ.

ಈ ಕೇಂದ್ರದಲ್ಲಿ ನನಗೆ ತುಂಬಾ ಹಿಡಿಸಿದ್ದು ಮೊದಲ ಭೇಟಿ. ವಕೀಲೆ ದೊಡ್ಡಮ್ಮನನ್ನೂ ನನ್ನನ್ನೂ ಹೊರಗೆ ಕೂರಿಸಿ, ಹುಡುಗನ ಜೊತೆ ಒಬ್ಬರೇ ಮಾತಾಡಿದರು. ಯಾವ ಅರ್ಜಿಯ ಹೆಸರನ್ನೂ ಎತ್ತದೆ, ಯಾರು ಸಾಕಿದರು, ಸ್ಕೂಲ್ ಫೀಸ್ ಯಾರು ಕಟ್ಟಿದರು, ಯಾರಾದರೂ ಹೊಡೆದಿದ್ದಾರಾ ಅಂತೆಲ್ಲ ಕೇಳಿದರಂತೆ. ಆಮೇಲೆ ಫೈಲ್ ಮೇಲೆ ಕೆಂಪು ಪೆನ್ನಿನಲ್ಲಿ ಅವನಿಗೆ 21 ತುಂಬುವ ತಾರೀಖು ದೊಡ್ಡದಾಗಿ ಬರೆದರು.

ಯಾಕಂದ್ರೆ ಅವನಿಗಿದ್ದ ದಾರಿ ಸ್ಪೆಷಲ್ ಇಮಿಗ್ರಂಟ್ ಜುವೆನೈಲ್ ಸ್ಟೇಟಸ್. ಅಪ್ಪ ಅಥವಾ ಅಮ್ಮ ಕೈಬಿಟ್ಟ, ಕಡೆಗಣಿಸಿದ, ಹಿಂಸಿಸಿದ ಮಕ್ಕಳಿಗೆ ಇರೋದು ಅದು. ಮೊದಲು ರಾಜ್ಯದ ಕೋರ್ಟಿನ (ಇವನ ವಿಷಯದಲ್ಲಿ ಫ್ಯಾಮಿಲಿ ಕೋರ್ಟಿನ) ಆದೇಶ ಬೇಕು, ಆಮೇಲೆ ಈ ಸ್ಟೇಟಸ್ ಕೇಳುವ ಐ-360 ಅರ್ಜಿ. ಅದು 21 ತುಂಬುವುದರೊಳಗೆ ಹೋಗಬೇಕು, ಮದುವೆ ಆಗಿರಬಾರದು. ನ್ಯೂಯಾರ್ಕ್‌ನಲ್ಲಿ 18 ದಾಟಿದವರಿಗೂ, ಅವರು ಒಪ್ಪಿದರೆ, 21ರವರೆಗೆ ಫ್ಯಾಮಿಲಿ ಕೋರ್ಟ್ ಗಾರ್ಡಿಯನ್ ನೇಮಿಸುತ್ತದೆ. ಬೇರೆ ಎಷ್ಟೋ ರಾಜ್ಯಗಳಲ್ಲಿ 18ಕ್ಕೇ ಬಾಗಿಲು ಮುಚ್ಚುತ್ತದೆ. ದೊಡ್ಡಮ್ಮ ಗಾರ್ಡಿಯನ್ ಆದರು. ಗ್ರೀನ್ ಕಾರ್ಡಿಗೆ ವರ್ಷಗಟ್ಟಲೆ ಕ್ಯೂ ಇದೆ, ಮುಂದೆ ಇವನ ಮೂಲಕ ಅಪ್ಪ ಅಮ್ಮನಿಗೆ ಇಮಿಗ್ರೇಷನ್ ಲಾಭ ಯಾವತ್ತೂ ಸಿಗಲ್ಲ ಅನ್ನೋದನ್ನೂ ಮುಚ್ಚುಮರೆ ಇಲ್ಲದೆ ಹೇಳಿದರು. ಅದನ್ನು ಕೇಳಿ ಹುಡುಗ, "ಆಂಟಿ, ಅಮ್ಮನನ್ನು ಕರೆಸಿಕೊಳ್ಳೋಕೆ ಆಗಲ್ವಾ?" ಅಂದ. ನನಗೆ ಉತ್ತರ ಹೊಳೆಯಲಿಲ್ಲ.

ಕೊರತೆ ಇಲ್ಲ ಅಂತಲ್ಲ. ಫೋನ್ ಎತ್ತುವುದು ಅಪರೂಪ. ಮಧ್ಯದಲ್ಲಿ ವಕೀಲರು ಬದಲಾದರು, ಹೇಳಿದ್ದನ್ನೇ ಮತ್ತೆ ಹೇಳುವಾಗ ಹುಡುಗ ಕುಗ್ಗಿಹೋದ. ಇಷ್ಟು ಸೂಕ್ಷ್ಮ ಕೇಸ್‌ಗಳಲ್ಲಿ ಇದನ್ನು ಅವರು ಸರಿಮಾಡಿಕೊಳ್ಳಲೇಬೇಕು. ಆದರೂ ಐದಕ್ಕೆ ನಾಲ್ಕು ಕೊಡುತ್ತೇನೆ. ಐ-360 ಹೋಗಿದೆ, ಉತ್ತರ ಇನ್ನೂ ಬಂದಿಲ್ಲ. ಹೋಗುವವರು ಪಾಸ್‌ಪೋರ್ಟ್, ಐ-94 (ಅಮೆರಿಕದೊಳಗೆ ಬಂದಿದ್ದರ ದಾಖಲೆ), ಸ್ಕೂಲಿನ ದಾಖಲೆ ಜೊತೆಗಿಟ್ಟುಕೊಳ್ಳಿ, ಆದಷ್ಟು 18 ತುಂಬುವ ಮೊದಲೇ ಹೋಗಿ.