ಜಪಾನೀಸ್ ಕಲಿಯೋಕೆ ಯಾವ ಪುಸ್ತಕ? ನಾನು ಎಡವಿದ ಕಥೆ

ಅವೆನ್ಯೂ ರಸ್ತೆಯ ಒಂದು ಅಂಗಡಿಯಲ್ಲಿ ‘ಮಿನ್ನಾ ನೊ ನಿಹೊಂಗೊ’ ಕೊಂಡೆ. ‘ಇದೊಂದಿದ್ರೆ ಸಾಕು ಸರ್’ ಅಂದರು. ಮನೆಗೆ ಬಂದು ತೆರೆದರೆ ಪೂರ್ತಿ ಜಪಾನೀಸ್, ಒಂದು ಸಾಲು ಇಂಗ್ಲಿಷ್ ಇಲ್ಲ! ಅರ್ಥ, ವ್ಯಾಕರಣದ ಪುಸ್ತಕ ಬೇರೆಯೇ ಕೊಳ್ಳಬೇಕು ಅಂತ ಆಮೇಲೆ ಗೊತ್ತಾಯ್ತು. ಮೊದಲ ಭಾಗದಲ್ಲಿ 25 ಪಾಠ, ಅಭ್ಯಾಸ ಬೇಕಾದಷ್ಟು, ಆದರೆ ಮೇಷ್ಟ್ರಿಲ್ಲದೆ ಕಷ್ಟ.

ಒಬ್ಬರೇ ಕೂತು ಓದುವವರಿಗೆ ‘ಗೆಂಕಿ’ ಅನ್ನೋ ಪುಸ್ತಕ ವಾಸಿ. ಮೊದಲ ಭಾಗದಲ್ಲಿ 12 ಪಾಠ, ವಿವರಣೆ ಇಂಗ್ಲಿಷಿನಲ್ಲಿ ಅಲ್ಲೇ ಇದೆ. ಮಾತುಕತೆ ಮಾತ್ರ ಕಾಲೇಜು ಹುಡುಗರದ್ದು, ನನ್ನಂಥ ಆಫೀಸಿನವನಿಗೆ ಸ್ವಲ್ಪ ಬೋರು. ವರ್ಕ್‌ಬುಕ್ಕಿಗೆ ಬೇರೆ ದುಡ್ಡು.

ಯಾವುದೇ ತಗೊಳ್ಳಿ, ಮೊದಲು ಹಿರಗಾನ ಅನ್ನೋ ಜಪಾನೀಸ್ ಲಿಪಿಯ 46 ಅಕ್ಷರ ಕಲಿತುಬಿಡಿ. ಅದಕ್ಕೆ ದುಡ್ಡು ಬೇಡ, ಚೌಕುಳಿ ನೋಟ್‌ಬುಕ್ ಸಾಕು. ಉಚ್ಚಾರಣೆಯನ್ನು ಪಕ್ಕದಲ್ಲಿ ಕನ್ನಡದಲ್ಲೇ ಬರೆದುಕೊಳ್ಳಿ. ‘ಒಬಸನ್’ ಅಂದರೆ ಅತ್ತೆಯೋ ಚಿಕ್ಕಮ್ಮನೋ, ‘ಒಬಾಸನ್’ ಅಂದರೆ ಅಜ್ಜಿ. ನಮಗೆ ಒಂದು ದೀರ್ಘ ಕೊಟ್ಟರೆ ಮುಗೀತು, ಇಂಗ್ಲಿಷಿನಲ್ಲಿ ಬರೆದುಕೊಂಡವರು ಅಜ್ಜಿಯನ್ನು ಅತ್ತೆ ಮಾಡಿ ಕೂರ್ತಾರೆ.

ಇನ್ನೊಂದು, ಈ ಪುಸ್ತಕಗಳು ವಾಕ್ಯದ ಕೊನೆಗೆ ಕ್ರಿಯಾಪದ ಬರುತ್ತೆ ಅನ್ನೋದನ್ನ ದೊಡ್ಡ ವಿಷಯದ ಥರ ವಿವರಿಸುತ್ತವೆ. ‘ತೋಕ್ಯೋ ನಿ ಇಕಿಮಾಸು’, ಟೋಕಿಯೋಗೆ ಹೋಗುತ್ತೇನೆ. ‘ನಿ’ ಇರುವ ಕಡೆ ನಮ್ಮ ‘ಗೆ’, ಅಷ್ಟೇ ಅಲ್ವಾ? ಆ ಪುಟಗಳನ್ನು ಸುಮ್ನೆ ಹಾರಿಸಿ.

ಪದ ನೆನಪಿಟ್ಟುಕೊಳ್ಳೋಕೆ ಆಂಕಿ ಅನ್ನೋ ಫ್ಲ್ಯಾಶ್‌ಕಾರ್ಡ್ ಆ್ಯಪ್ ಹಾಕಿಕೊಂಡಿದ್ದೇನೆ, ಆಂಡ್ರಾಯ್ಡ್‌ನಲ್ಲಿ ಫ್ರೀ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ದಿನಕ್ಕೆ ಹತ್ತು ಪದ ಆರಾಮಾಗಿ ಆಗುತ್ತೆ, ಬಸ್ಸಿನಲ್ಲಿ ಸೀಟು ಸಿಕ್ಕರೆ.