ಕಾರಿಗೆ ಬೇರೆ ಏರ್ ಇಂಟೇಕ್: ಬೆಂಗಳೂರಿನ ರಸ್ತೆಗಳಲ್ಲಿ ದೀರ್ಘ ಬಳಕೆಯ ನಂತರ

ನನ್ನ ಕಾರು 2018ರ ಮಾದರಿಯ ಮಾರುತಿ ಸ್ವಿಫ್ಟ್ ಪೆಟ್ರೋಲ್. 1,197 ಸಿಸಿ, 83 ಪಿಎಸ್ ಶಕ್ತಿ, ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಟರ್ಬೊ ಇಲ್ಲ. ಕಂಪನಿಯ ಕಾಗದದ ಏರ್ ಫಿಲ್ಟರ್ ತೆಗೆದು, ಅದೇ ಪೆಟ್ಟಿಗೆಯೊಳಗೆ ಕೂರುವಂಥ, ಎಣ್ಣೆ ಸವರಿದ ಹತ್ತಿಬಟ್ಟೆಯ ಫಿಲ್ಟರ್ ಹಾಕಿಸಿ ಕೆಲವು ವರ್ಷಗಳಾಗಿವೆ. ಇದೇ ಎಂಜಿನ್ನಿನ ಇನ್ನೊಂದು ಕಾರು ನನ್ನ ಭಾವಮೈದುನನ ಬಳಿಯಿದೆ. ಅವನು ಪೆಟ್ಟಿಗೆಯನ್ನೇ ಕಳಚಿಸಿ, ಪೈಪಿನ ತುದಿಗೆ ಕೋನ್ ಫಿಲ್ಟರ್ ಕೂರಿಸಿಕೊಂಡಿದ್ದಾನೆ. ನಾವಿಬ್ಬರೂ ಕಾರುಗಳನ್ನು ಆಗಾಗ ಅದಲುಬದಲು ಮಾಡಿಕೊಳ್ಳುವುದರಿಂದ ಎಂಜಿನ್ನಿಗೆ ಗಾಳಿ ಒಯ್ಯುವ ಎರಡು ಬಗೆಯ ಇಂಟೇಕ್‌ಗಳನ್ನೂ ಒಂದೇ ಊರಿನ ಬಿಸಿಲು, ದೂಳು, ಮಳೆಗಳಲ್ಲಿ ನೋಡುವ ಅವಕಾಶ ನನಗೆ ಸಿಕ್ಕಿದೆ. ಫಿಲ್ಟರಿನ ಬ್ರಾಂಡ್ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಇಲ್ಲಿ ಹೇಳುವುದು ಆ ಬಗೆಯ ಫಿಲ್ಟರುಗಳ ಗುಣವೇ ಹೊರತು ಒಂದು ಕಂಪನಿಯದಲ್ಲ.

ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಿದಾಗ ಎಲ್ಲೆಡೆ ಕೇಳಿಬಂದದ್ದು ಒಂದೇ ಮಾತು: "ಕೋನ್ ಹಾಕ್ಸಿ ಸಾರ್, ಪಿಕಪ್ ಬೇರೇನೇ ಇರುತ್ತೆ." ಈ ಮಾತನ್ನು ತೂಗಿ ನೋಡಲು ಸಣ್ಣದೊಂದು ಲೆಕ್ಕ ಸಾಕು. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಗಾತ್ರದಷ್ಟು ಗಾಳಿಯನ್ನು ಎಳೆದುಕೊಳ್ಳುತ್ತದೆ. ಹಾಗಾಗಿ 1.2 ಲೀಟರಿನ ಎಂಜಿನ್ ನಿಮಿಷಕ್ಕೆ 6,000 ಸುತ್ತು, ಅಂದರೆ 6,000 ಆರ್‌ಪಿಎಂನಲ್ಲಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ, ನಿಮಿಷಕ್ಕೆ ಸುಮಾರು 3,600 ಲೀಟರ್ ಗಾಳಿ ಕುಡಿಯುತ್ತದೆ. ಫಿಲ್ಟರಿನ ತಡೆ ಸ್ವಲ್ಪವಾದರೂ ಲೆಕ್ಕಕ್ಕೆ ಬರುವುದು ಅಂಥ ಹೊತ್ತಿನಲ್ಲಿ. ಮಾರತ್‌ಹಳ್ಳಿಯಿಂದ ಸಿಲ್ಕ್ ಬೋರ್ಡಿನವರೆಗೆ ಎರಡನೇ ಗೇರಿನಲ್ಲಿ ತೆವಳುವ ಕಾರಿನಲ್ಲಿ ಗಾಳಿಯನ್ನು ತಡೆಯುತ್ತಿರುವುದು ಆಕ್ಸಿಲರೇಟರ್ ಒತ್ತಿದಷ್ಟೇ ತೆರೆಯುವ, ಆಗ ಅರೆಬರೆ ತೆರೆದಿರುವ ಥ್ರಾಟಲ್ ತಟ್ಟೆ. ಅದರ ಮುಂದೆ ಫಿಲ್ಟರಿನ ತಡೆ ನಗಣ್ಯ. ಅಲ್ಲಿ ಯಾವ ಫಿಲ್ಟರ್ ಹಾಕಿದರೂ ಪಿಕಪ್ಪಿನಲ್ಲಿ ಬದಲಾವಣೆ ಕಾಣುವುದಿಲ್ಲ.

ಬೆಂಗಳೂರಿಗೆ ಇನ್ನೊಂದು ವಿಶೇಷವಿದೆ. ನಗರ ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿಯ ಗಾಳಿಯ ಒತ್ತಡವೇ ಹತ್ತನೇ ಒಂದರಷ್ಟು ಕಡಿಮೆ. ಕಾರಿನ ಕಂಪ್ಯೂಟರಿನ ಮಾಹಿತಿ ಓದಲು ಇರುವ ಒಬಿಡಿ ಪೋರ್ಟಿಗೆ ಬ್ಲೂಟೂತ್ ರೀಡರ್ ಸಿಕ್ಕಿಸಿ, ಎಂಜಿನ್ ಚಾಲೂ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿದರೆ, ಮೊಬೈಲಿನಲ್ಲಿ ಒತ್ತಡ 91 ಕಿಲೋಪಾಸ್ಕಲ್ ಎಂದು ತೋರಿಸುತ್ತದೆ. ಮಂಗಳೂರಿನ ಸಮುದ್ರತೀರದಲ್ಲಿ ಅದೇ ಕಾರು 101 ತೋರಿಸುತ್ತದೆ. ಟರ್ಬೊ ಇಲ್ಲದ ಎಂಜಿನ್ ಈ ಊರಿನಲ್ಲಿ ಕಳೆದುಕೊಳ್ಳುವ ಶಕ್ತಿಯನ್ನು ಯಾವ ಫಿಲ್ಟರೂ ತಂದುಕೊಡಲಾರದು. ಟರ್ಬೊ ಇರುವ ಕಾರುಗಳ ವಿಚಾರ ಬೇರೆ. ಅವುಗಳ ಬಗ್ಗೆ ನನ್ನ ಅನುಭವ ಅನ್ವಯಿಸುವುದಿಲ್ಲ.

ನಾನು ಹೆಚ್ಚು ಗಮನವಿಟ್ಟು ನೋಡಿದ್ದು ಒಳಹೋಗುವ ಗಾಳಿಯ ಬಿಸಿಯನ್ನು. ಕಂಪನಿಯವರು ಪೆಟ್ಟಿಗೆಯ ಮೂತಿಯನ್ನು ಸಾಮಾನ್ಯವಾಗಿ ಗ್ರಿಲ್ಲಿನ ಹಿಂದೆ, ಹೊರಗಿನ ಗಾಳಿ ಸಿಗುವ ಕಡೆಗೆ ಇಟ್ಟಿರುತ್ತಾರೆ. ಕೋನ್ ಫಿಲ್ಟರ್ ಬಾನೆಟ್ಟಿನ ಒಳಗೆ, ಎಂಜಿನ್ನಿನ ಪಕ್ಕದಲ್ಲೇ ಬಾಯಿ ತೆರೆದುಕೊಂಡು ಕೂತಿರುತ್ತದೆ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಭಾವಮೈದುನನ ಕಾರಿನಲ್ಲಿ ಹೆಬ್ಬಾಳದ ಫ್ಲೈಓವರ್ ಬುಡದ ಟ್ರಾಫಿಕ್ಕಿನಲ್ಲಿ ನಿಂತಿದ್ದಾಗ, ಒಳಹೋಗುವ ಗಾಳಿಯ ಉಷ್ಣತೆ ಮೊಬೈಲ್ ಪರದೆಯ ಮೇಲೆ ಒಂದೊಂದೇ ಡಿಗ್ರಿ ಏರುತ್ತಾ 60ನ್ನು ದಾಟಿತು. ವಿಮಾನ ನಿಲ್ದಾಣದ ರಸ್ತೆಗೆ ಬಿದ್ದು ವೇಗ ಹಿಡಿದ ಮೇಲೆಯೇ ಅದು ನಲವತ್ತರ ಆಸುಪಾಸಿಗೆ ಇಳಿದದ್ದು. ಪೆಟ್ಟಿಗೆ ಉಳಿಸಿಕೊಂಡ ನನ್ನ ಕಾರಿನಲ್ಲೂ ನಿಂತಾಗ ಬಿಸಿ ಏರುತ್ತದೆ, ಆದರೆ ಅಷ್ಟು ಮೇಲಕ್ಕೆ ಹೋಗುವುದಿಲ್ಲ, ಹೊರಟ ಕೂಡಲೇ ಇಳಿಯುತ್ತದೆ. ಗಾಳಿ 10 ಡಿಗ್ರಿ ಬಿಸಿಯಾದರೆ ಅದರ ಸಾಂದ್ರತೆ ಶೇಕಡ 3ರಷ್ಟು ಕುಗ್ಗುತ್ತದೆ ಎಂಬ ಸರಳ ಭೌತಶಾಸ್ತ್ರವನ್ನು ನೆನೆದರೆ, ಸಿಗ್ನಲ್ ಬಿಟ್ಟ ಕೂಡಲೇ ಆ ಕಾರು ಏಕೆ ಮಂಕಾಗಿರುತ್ತದೆ ಎಂಬುದು ತಿಳಿಯುತ್ತದೆ. ಹಾಗೆಂದು ಅದರಲ್ಲಿ ಏನೂ ಇಲ್ಲವೆಂದಲ್ಲ. 4,000 ಆರ್‌ಪಿಎಂ ದಾಟಿದಾಗ ಬರುವ ಗಡಸು ಸದ್ದು ನಿಜಕ್ಕೂ ಸೊಗಸು. ಅವನು ಹಣ ಕೊಟ್ಟದ್ದು ಆ ಸದ್ದಿಗೇ ಎಂದು ನನ್ನ ಅಭಿಪ್ರಾಯ, ಅವನು ಒಪ್ಪದಿದ್ದರೂ.

ಬಿಸಿಯನ್ನು ತಪ್ಪಿಸಲೆಂದು ಉದ್ದದ ಪೈಪು ಎಳೆದು ಫಿಲ್ಟರನ್ನು ಬಂಪರಿನ ಹಿಂದೆ, ಚಕ್ರದ ಹತ್ತಿರ ಇರಿಸುವ ಕೋಲ್ಡ್ ಏರ್ ಇಂಟೇಕ್ ಕೂಡ ಮಾರುಕಟ್ಟೆಯಲ್ಲಿದೆ. ತಂಪು ಗಾಳಿಯೇನೋ ಸಿಗುತ್ತದೆ, ಆದರೆ ಈ ಊರಿನಲ್ಲಿ ಅದನ್ನು ಯಾರಿಗೂ ಶಿಫಾರಸು ಮಾಡಲಾರೆ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆಗಳು ಮುಳುಗಿದ್ದನ್ನು ಕಂಡವರಿಗೆ ಕಾರಣ ಹೇಳಬೇಕಾಗಿಲ್ಲ. ಅಷ್ಟು ದೊಡ್ಡ ಮಳೆಯೂ ಬೇಕಿಲ್ಲ. ಅಂಡರ್‌ಪಾಸಿನಲ್ಲಿ ಮೊಣಕಾಲುದ್ದ ನೀರು ನಿಂತರೆ ಸಾಕು, ಕೆಳಗಿರುವ ಫಿಲ್ಟರಿನ ಮೂಲಕ ಎಂಜಿನ್ ಅದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಗಾಳಿಯನ್ನು ಒತ್ತಿ ಕುಗ್ಗಿಸುವ ಪಿಸ್ಟನ್ನಿಗೆ ನೀರನ್ನು ಕುಗ್ಗಿಸಲು ಆಗುವುದಿಲ್ಲ, ಹಾಗಾಗಿ ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ಇಲ್ಲದ ಮಾಮೂಲು ವಿಮೆಯಲ್ಲಿ ಇಂಥ ಹಾನಿಗೆ ಸಾಮಾನ್ಯವಾಗಿ ಪರಿಹಾರ ಸಿಗುವುದಿಲ್ಲ.

ಇನ್ನು ಪೆಟ್ಟಿಗೆಯೊಳಗಿನ ನನ್ನ ಹತ್ತಿ ಫಿಲ್ಟರಿನ ವಿಚಾರ. ಮೈಲೇಜಿನಲ್ಲಿ ಯಾವ ವ್ಯತ್ಯಾಸವೂ ಇಲ್ಲ, ಇರಬೇಕಾದ ಕಾರಣವೂ ಇಲ್ಲ. ಬಂದ ಗಾಳಿಗೆ ತಕ್ಕಷ್ಟೇ ಪೆಟ್ರೋಲನ್ನು ಎಂಜಿನ್ನಿನ ಕಂಪ್ಯೂಟರಾದ ಇಸಿಯು ಅಳೆದು ಬಿಡುತ್ತದೆ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂದಿನ ಇಂಜೆಕ್ಷನ್ ಕಾರುಗಳಲ್ಲಿ ಕಟ್ಟಿಕೊಂಡ ಫಿಲ್ಟರ್ ಕೂಡ ಮೈಲೇಜನ್ನು ಗಮನಾರ್ಹವಾಗಿ ಇಳಿಸಲಿಲ್ಲ, ವೇಗ ಹಿಡಿಯುವ ಶಕ್ತಿಯನ್ನಷ್ಟೇ ಕುಗ್ಗಿಸಿತು. ಶಿರಾಡಿ ಘಾಟಿಯಲ್ಲಿ ಮೂರನೇ ಗೇರಿನಲ್ಲಿ ಲಾರಿಯನ್ನು ಹಿಂದೆ ಹಾಕುವಾಗ ಎಂಜಿನ್ ತುಸು ಹಗುರವಾಗಿ ಮೇಲೇರುತ್ತದೆ ಎಂದು ನನಗೆ ಅನ್ನಿಸುತ್ತದೆ. ಆದರೆ ಅಳತೆ ಮಾಡಿ ತೋರಿಸುವಷ್ಟು ದೊಡ್ಡ ಬದಲಾವಣೆ ಅದಲ್ಲ.

ತೊಳೆದು ಮತ್ತೆ ಬಳಸಬಹುದೆಂಬುದು ಈ ಫಿಲ್ಟರಿನ ಮುಖ್ಯ ಆಕರ್ಷಣೆ, ಮುಖ್ಯ ಕಿರಿಕಿರಿಯೂ ಅದೇ. ಮೊದಲು ಮೆಲ್ಲಗೆ ಕುಟ್ಟಿ ದೂಳು ಉದುರಿಸಬೇಕು. ಕ್ಲೀನರ್ ಸಿಂಪಡಿಸಿ ಹತ್ತು ನಿಮಿಷ ಬಿಡಬೇಕು. ಬಳಿಕ ನಲ್ಲಿಯ ಸಣ್ಣ ಧಾರೆಯಲ್ಲಿ ಒಳಮೈಯಿಂದ ಹೊರಮೈಗೆ ನೀರು ಹಾಯಿಸಬೇಕು. ದಿಕ್ಕು ತಿರುಗಿದರೆ ಕೊಳೆ ಬಟ್ಟೆಯ ಒಳಕ್ಕೇ ಇಳಿಯುತ್ತದೆ. ಕಂಪ್ರೆಸರ್ ಗಾಳಿ, ಹೇರ್ ಡ್ರೈಯರ್ ಎರಡೂ ಕೂಡದು. ನೆರಳಿನಲ್ಲಿ ತಾನಾಗಿ ಒಣಗಬೇಕು. ಜುಲೈ ತಿಂಗಳಲ್ಲಾದರೆ ಅದಕ್ಕೆ ಇಡೀ ದಿನವೇ ಹಿಡಿಯುತ್ತದೆ. ಆಮೇಲೆ ಪ್ರತಿಯೊಂದು ಮಡಿಕೆಯ ಮೇಲೆ ಕೆಂಪು ಎಣ್ಣೆಯನ್ನು ಒಂದೊಂದು ಗೆರೆಯಂತೆ ಬಿಟ್ಟು, ಬಣ್ಣ ಎಲ್ಲೆಡೆ ಸಮನಾಗಿ ಹರಡುವವರೆಗೆ ಕಾಯಬೇಕು. ಬಿಳಿ ಉಳಿದ ಕಡೆ ದೂಳು ನುಸುಳುತ್ತದೆ. ಎಣ್ಣೆ ಹೆಚ್ಚಾದರೆ ಅದು ಗಾಳಿಯ ಜೊತೆ ಮುಂದಕ್ಕೆ ಸಾಗಿ, ಒಳಹೋಗುವ ಗಾಳಿಯನ್ನು ಅಳೆಯುವ ಬಿಸಿ ತಂತಿಯ ಏರ್‌ಫ್ಲೋ ಸೆನ್ಸರ್ ಇರುವ ಕಾರುಗಳಲ್ಲಿ ಅದರ ಮೇಲೆ ಕೂರಬಹುದು. ಒಮ್ಮೆ ಈ ಕೆಲಸವನ್ನು ಅಂಗಡಿಯೊಂದರಲ್ಲಿ ಮಾಡಿಸಿದಾಗ ಪೆಟ್ಟಿಗೆಯ ತಳದಲ್ಲಿ ಎಣ್ಣೆ ಜಿನುಗಿ ನಿಂತಿತ್ತು. ಅಂದಿನಿಂದ ನಾನೇ ಮಾಡಿಕೊಳ್ಳುತ್ತೇನೆ.

ಹಣದ ಲೆಕ್ಕವೂ ಅಂಗಡಿಯವರು ಹೇಳುವಷ್ಟು ನೇರವಾಗಿಲ್ಲ. ಕಾಗದದ ಫಿಲ್ಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ; ಹತ್ತಿಯದಕ್ಕೆ ನಾನು ಐದು ಸಾವಿರದ ಹತ್ತಿರ ಕೊಟ್ಟೆ, ಕ್ಲೀನರ್ ಮತ್ತು ಎಣ್ಣೆಯ ಕಿಟ್ ಪ್ರತ್ಯೇಕ. ಕಾರು ಮಾರುವ ಹೊತ್ತಿಗೂ ಅಸಲು ಹುಟ್ಟುವುದು ಅನುಮಾನ. ಕೊಳ್ಳುವವರು ದರಕ್ಕಿಂತ ಮೊದಲು ಕೇಳಬೇಕಾದದ್ದು ಐಎಸ್‌ಒ 5011 ಪರೀಕ್ಷೆಯ ಫಲಿತಾಂಶವನ್ನು. ಏರ್ ಫಿಲ್ಟರ್ ಎಷ್ಟು ದೂಳು ಹಿಡಿಯುತ್ತದೆ, ಗಾಳಿಗೆ ಎಷ್ಟು ತಡೆಯೊಡ್ಡುತ್ತದೆ ಎಂಬುದನ್ನು ಅಳೆಯುವ ಮಾನದಂಡ ಅದು. ಡಬ್ಬಿಯ ಮೇಲೆ ಹೆಚ್ಚು ಗಾಳಿಯ ಮಾತು ಮಾತ್ರ ಇದ್ದು ದೂಳಿನ ಮಾತೇ ಇಲ್ಲದಿದ್ದರೆ ಅನುಮಾನಪಡುವುದು ಒಳ್ಳೆಯದು. ವಾರಂಟಿ ಇರುವ ಕಾರಾದರೆ ಸರ್ವೀಸ್ ಸೆಂಟರಿನಲ್ಲಿ ಮೊದಲೇ ಕೇಳಿಕೊಳ್ಳಬೇಕು.

ದೂಳಿನ ವಿಚಾರದಲ್ಲಿ ನನ್ನ ಮನಸ್ಸು ನಿಧಾನವಾಗಿ ಬದಲಾಗಿದೆ. ಫಿಲ್ಟರ್ ದಾಟಿದ ಮೇಲಿನ ರಬ್ಬರ್ ಪೈಪಿನೊಳಗೆ ಬಿಳಿ ಬಟ್ಟೆಯಿಂದ ಒರೆಸಿ ನೋಡುವ ಅಭ್ಯಾಸವನ್ನು ಮೊದಲಿನಿಂದಲೂ ಇಟ್ಟುಕೊಂಡಿದ್ದೇನೆ. ಕಾಗದದ ಫಿಲ್ಟರ್ ಇದ್ದಾಗ ಬಟ್ಟೆ ಬಹುಮಟ್ಟಿಗೆ ಬೆಳ್ಳಗೇ ಬರುತ್ತಿತ್ತು. ಹೊರವರ್ತುಲ ರಸ್ತೆಯಲ್ಲಿ ಮೆಟ್ರೊ ನೀಲಿ ಮಾರ್ಗದ ಕಾಮಗಾರಿ ಶುರುವಾಗಿ, ದಿನವೂ ಆ ದಾರಿಯಲ್ಲೇ ಓಡಾಡತೊಡಗಿದ ಮೇಲೆ, ಹತ್ತಿ ಫಿಲ್ಟರ್ ಇದ್ದ ಪೈಪಿನಿಂದ ಬಟ್ಟೆಗೆ ಹಿಟ್ಟಿನಷ್ಟು ನುಣುಪಾದ ಬೂದು ಪುಡಿ ಹತ್ತತೊಡಗಿತು. ರಬ್ಬರ್ ಅಂಚು ಸರಿಯಾಗಿ ಕೂತಿತ್ತು, ಕ್ಲಿಪ್ಪುಗಳೂ ಬಿಗಿಯಾಗಿದ್ದವು. ರಸ್ತೆಯ ದೂಳಿನಲ್ಲಿರುವ ಸಿಲಿಕಾ ಪಿಸ್ಟನ್ ರಿಂಗುಗಳನ್ನೂ ಸಿಲಿಂಡರಿನ ಗೋಡೆಯನ್ನೂ ಸವೆಸುತ್ತದೆ, ಆ ಸವೆತ ಮರಳಿ ತುಂಬುವಂಥದ್ದಲ್ಲ. ಹಾಗಾಗಿ ಈಗ ಊರೊಳಗಿನ ಓಡಾಟಕ್ಕೆ ಪೆಟ್ಟಿಗೆಯಲ್ಲಿ ಕಂಪನಿಯ ಕಾಗದದ ಫಿಲ್ಟರನ್ನೇ ಇಟ್ಟಿದ್ದೇನೆ. ಹಾಸನ, ಮಂಗಳೂರಿನ ಕಡೆ ಹೊರಟಾಗ ಮಾತ್ರ ಕ್ಲಿಪ್ ಬಿಚ್ಚಿ ಹತ್ತಿಯದನ್ನು ಕೂರಿಸುತ್ತೇನೆ. ಐದು ನಿಮಿಷದ ಕೆಲಸ.